ರಾತ್ರಿಪಾಳಿಯ ನಿರ್ಣಯ: ಆರೋಗ್ಯ ರಕ್ಷಾ ಸಮಿತಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ನಮ್ಮ ರಾಜ್ಯದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಜನಪ್ರತಿನಿಧಿಗಳಾಗಿಯೂ ಅಧಿಕಾರಿಗಳಾಗಿಯೂ ವೈದ್ಯರಾಗಿಯೂ ಊರಿನ ಹಿರಿಯರಾಗಿಯೂ ಕುಳಿತಿರುವ ತಮ್ಮೆಲ್ಲರನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಕಟ್ಟಡದ ಸೋರುವ ಸೂರು, ಶೌಚಾಲಯದ ದುರಸ್ತಿ, ಜನರೇಟರಿನ ಡೀಸೆಲ್ಲು, ಹೊರರೋಗಿ ವಿಭಾಗದ ಬೆಂಚುಗಳು ಇವೆಲ್ಲ ತಮ್ಮ ಸಭೆಗಳಲ್ಲಿ ಚರ್ಚೆಗೆ ಬರುವುದನ್ನು ಬಲ್ಲೆನು. ಬರಬೇಕಾದ ವಿಷಯಗಳೇ ಅವು. ಆದರೆ ಶುಶ್ರೂಷೆಯ ವೃತ್ತಿಯಲ್ಲಿ ಬೆಳೆದು, ಆಮೇಲೆ ಆ ವಿದ್ಯೆಯನ್ನೇ ಎಳೆಯರಿಗೆ ಹೇಳಿಕೊಟ್ಟು ನಿವೃತ್ತಳಾದ ನನಗೆ, ಯಾವ ಕಾರ್ಯಸೂಚಿಯಲ್ಲಿಯೂ ಕಾಣಸಿಗದ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಬೇಕೆಂಬ ಹಂಬಲ ಬಹುಕಾಲದಿಂದ ಇದೆ. ಪ್ರವಾಹವೋ ಭೂಕುಸಿತವೋ ಸಾಂಕ್ರಾಮಿಕವೋ ಬಂದೆರಗಿ, ಆಸ್ಪತ್ರೆಯಲ್ಲಿರುವ ಸಾಮಗ್ರಿ ಬಾಗಿಲಿಗೆ ಬಂದ ರೋಗಿಗಳಿಗೆಲ್ಲ ಸಾಲದೆ ಹೋದಾಗ, ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರಿಗೆ ಇಲ್ಲವೇ ಇಲ್ಲ ಎಂಬುದನ್ನು ನಿರ್ಣಯಿಸತಕ್ಕವರು ಯಾರು?

ಯಾರೂ ನಿರ್ಣಯಿಸದೆ ಬಿಟ್ಟ ಕಾರಣ, ಆ ಭಾರವು ಇಂದು ರಾತ್ರಿಪಾಳಿಯಲ್ಲಿರುವ ಸಿಸ್ಟರಿನ ಮೇಲೆ ಬೀಳುತ್ತಿದೆ. ಆಜ್ಞೆ ಬರೆಯುವವರು ವೈದ್ಯರೇ ಇರಬಹುದು. ಆದರೆ ಆಮ್ಲಜನಕದ ಹರಿವನ್ನು ಅಳೆಯುವ ಫ್ಲೋಮೀಟರಿನ ತಿರುಪನ್ನು ತಿರುಗಿಸುವ ಕೈ ಅವಳದು, ತಿರುಗಿಸಿದ ಮೇಲೆ ಆ ಹಾಸಿಗೆಯ ಪಕ್ಕದಲ್ಲಿಯೇ ಬೆಳಗಿನವರೆಗೆ ನಿಲ್ಲಬೇಕಾದವಳೂ ಅವಳೇ, 'ನಮ್ಮ ಅಪ್ಪನಿಗೆ ಯಾಕಮ್ಮ ಕಡಿಮೆ ಮಾಡಿದಿರಿ' ಎಂಬ ಮಾತಿಗೆ ಮುಖ ಕೊಡಬೇಕಾದವಳೂ ಅವಳೇ.

ವಿಷಯ ಎಷ್ಟು ಸ್ಥೂಲವಾದುದೆಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ಕಪ್ಪು ಮೈಯ, ಬಿಳಿ ಹೆಗಲಿನ ಜಂಬೋ ಸಿಲಿಂಡರುಗಳನ್ನು ತಾವು ನೋಡಿರುತ್ತೀರಿ. ತುಂಬಿದ ಸಿಲಿಂಡರೊಂದರಲ್ಲಿ ಸುಮಾರು 7,000 ಲೀಟರು ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಮಾಸ್ಕಿನಲ್ಲಿ ಕೊಟ್ಟರೆ ಅದು ಒಬ್ಬ ರೋಗಿಗೆ ಹನ್ನೊಂದೂವರೆ ಗಂಟೆಗೂ ಮೀರಿ ಬಾಳುತ್ತದೆ. ಹೈ-ಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರು ಶುದ್ಧ ಆಮ್ಲಜನಕವನ್ನು ಹರಿಸಿದರೆ ಎರಡು ಗಂಟೆ ತುಂಬುವ ಮೊದಲೇ ಬರಿದಾಗುತ್ತದೆ. ಈಗ ವಾರ್ಡಿನಲ್ಲಿ ಹೈ-ಫ್ಲೋ ಮೇಲಿರುವ ಒಬ್ಬ ರೋಗಿಯೂ ಮಾಸ್ಕಿನಲ್ಲಿರುವ ಹತ್ತು ಮಂದಿಯೂ ಇದ್ದಾರೆಂದೂ, ರಾತ್ರಿ ಒಂದು ಗಂಟೆಗೆ ಆರು ತುಂಬಿದ ಸಿಲಿಂಡರುಗಳು ಮಾತ್ರ ಉಳಿದಿವೆಯೆಂದೂ, ಲಾರಿ ಬರುವುದು ಬೆಳಿಗ್ಗೆ ಏಳಕ್ಕೆಂದೂ ಭಾವಿಸಿಕೊಳ್ಳಿ. ಹನ್ನೊಂದು ಮಂದಿಗೂ ಇದ್ದಂತೆಯೇ ಕೊಡುತ್ತ ಹೋದರೆ ಐದೂಕಾಲು ದಾಟುತ್ತಲೇ ಎಲ್ಲರ ಆಮ್ಲಜನಕವೂ ಒಟ್ಟಿಗೆ ನಿಲ್ಲುತ್ತದೆ. ಹೈ-ಫ್ಲೋ ನಿಲ್ಲಿಸಿದರೆ ಉಳಿದ ಹತ್ತು ಮಂದಿ ಎಂಟು ಗಂಟೆಯವರೆಗೆ ಉಸಿರಾಡುತ್ತಾರೆ. ಆ ಒಬ್ಬನು ಉಳಿಯುವುದಿಲ್ಲ. ಈ ಗುಣಾಕಾರ ಭಾಗಾಕಾರಗಳನ್ನು ನಮ್ಮ ಹುಡುಗಿಯರು ಚೀಟಿಯ ಹಿಂದೆ ಪೆನ್ನಿನಿಂದ ಮಾಡುತ್ತಾರೆ. ಅದರ ಉತ್ತರವನ್ನು ಏನು ಮಾಡಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಪಾರ್ಶ್ವವೂ ಉಂಟು, ಅದನ್ನು ಬಲ್ಲವಳು ಅನುಭವಸ್ಥೆಯಾದ ಶುಶ್ರೂಷಕಿ. ಮಾಸ್ಕಿನಲ್ಲಿರುವ ಹತ್ತು ಮಂದಿಯಲ್ಲಿ ನಾಲ್ಕೈದು ಮಂದಿಯ ಸ್ಯಾಚುರೇಶನ್, ಎಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, 98, 99 ಎಂದು ತೋರುತ್ತಿರುವುದು ಅಪರೂಪವಲ್ಲ. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರದ ಚಿಕಿತ್ಸಾ ಸೂತ್ರವೇ 92ರಿಂದ 96ರವರೆಗಿನ ಮಟ್ಟವನ್ನು ಸಾಕೆಂದು ಹೇಳಿದ್ದಿತು. ಅಂಥವರ ಫ್ಲೋಮೀಟರಿನ ಗೋಲಿಯನ್ನು ಹತ್ತರಿಂದ ಐದಕ್ಕೆ ಮೆಲ್ಲಮೆಲ್ಲನೆ ಇಳಿಸಿ, ಐದಕ್ಕೆ ತಕ್ಕುದಾದ ಮಾಸ್ಕಿಗೆ ಬದಲಿಸಿ, ಇಳಿಸಿದ ಮೇಲೆ ಪಕ್ಕದಲ್ಲಿ ನಿಂತು ಬೆರಳಿನ ಯಂತ್ರವನ್ನು ನೋಡುತ್ತ, ಆಗುವವರನ್ನು ಬೋರಲು ಮಲಗಿಸಿ, ಸಡಿಲವಾದ ಕೊಳವೆಗಳನ್ನು ಬಿಗಿ ಮಾಡಿದರೆ, ಮೇಲೆ ಹೇಳಿದ ವಾರ್ಡಿನಲ್ಲಿ ಹನ್ನೊಂದು ಮಂದಿಯನ್ನೂ ಏಳು ಗಂಟೆಯ ಸಮೀಪಕ್ಕೆ ತಲುಪಿಸುವುದು ಅಸಾಧ್ಯವೇನಲ್ಲ. ಬಲಿ ಅನಿವಾರ್ಯವೆಂದು ತೋರುವ ಸಂಕಟಗಳಲ್ಲಿ ಎಷ್ಟೋ ಪಾಲು ಹೀಗೆ ಮುಂಚಿತವಾದ ಕೌಶಲದಿಂದ ಕರಗಿಹೋಗತಕ್ಕವು. ಅದಕ್ಕೆ ಬೇಕಾದುದು ಹತ್ತು ಮಂದಿಯನ್ನು ನೋಡಿಕೊಳ್ಳಲು ಒಬ್ಬಳಿಗೆ ಬದಲಾಗಿ ಮೂವರು. ಮತ್ತು 'ಇಳಿಸಬಹುದು' ಎಂದು ಮೊದಲೇ ಬರೆದಿಟ್ಟ ಒಂದು ಹಾಳೆ. ಆ ಹಾಳೆಯಿಲ್ಲದೆ ತನ್ನಷ್ಟಕ್ಕೆ ಗೋಲಿ ಇಳಿಸಿದವಳ ಮೇಲೆ ನಾಳೆ ವಿಚಾರಣೆ ನಡೆದೀತೆಂಬ ಭಯದಿಂದ, 99 ಇದ್ದವರಿಗೆ 99ನ್ನೇ ಉಳಿಸಿ, ಎಲ್ಲರೂ ಒಟ್ಟಿಗೆ ಅಪಾಯಕ್ಕೆ ಸಿಲುಕುವಂತಾಗುತ್ತದೆ.

2021ರ ಮೇ 2 ಮತ್ತು 3ರ ನಡುವಣ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಮೃತರಾದುದನ್ನು ನಾಡು ಮರೆತಿಲ್ಲವಷ್ಟೆ. ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿಯನ್ನು ನೇಮಿಸಿತು. ಆಮ್ಲಜನಕದ ಪೂರೈಕೆ ಹೇಗೆ ತಪ್ಪಿತು, ಯಾರ ಹೊಣೆ ಎಷ್ಟು ಎಂಬ ಪ್ರಶ್ನೆಗಳು ವರ್ಷಗಳ ಕಾಲ ಚರ್ಚಿತವಾದವು. ಹೊಣೆಯ ವಿಚಾರವನ್ನು ನಾನಿಲ್ಲಿ ಎತ್ತುತ್ತಿಲ್ಲ. ಆದರೆ ಆ ಚರ್ಚೆಗಳನ್ನೆಲ್ಲ ಓದಿದಾಗ ನನ್ನ ಮನಸ್ಸನ್ನು ಚುಚ್ಚಿದ ಸಂಗತಿಯೆಂದರೆ, ಅಧಿಕಾರಿಗಳ ನಡುವಣ ದೂರವಾಣಿ ಸಂಭಾಷಣೆಗಳ ಬಗೆಗೂ ಸಿಲಿಂಡರುಗಳ ಸಂಖ್ಯೆಯ ಬಗೆಗೂ ನಡೆದಷ್ಟು ಮಾತು, ಅಂಥದೊಂದು ರಾತ್ರಿಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ಓಡುವ ಶುಶ್ರೂಷಕಿಯು ಯಾವ ನಿಯಮವನ್ನು ಅನುಸರಿಸಬೇಕಾಗಿದ್ದಿತೆಂಬುದರ ಬಗೆಗೆ ನಡೆಯಲಿಲ್ಲವೆಂಬುದು. ನಿಯಮವೇ ಇಲ್ಲದಾಗ ಅದರ ಬಗೆಗೆ ಮಾತೆಲ್ಲಿಂದ ಬಂದೀತು?

ನಿಯಮವಿಲ್ಲದ ಕತ್ತಲೆಯಲ್ಲಿ ಏನಾಗಬಹುದೆಂಬುದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮೆಮೋರಿಯಲ್ ಆಸ್ಪತ್ರೆಯ ವೃತ್ತಾಂತಕ್ಕಿಂತ ದಾರುಣವಾದ ದೃಷ್ಟಾಂತ ನನಗೆ ಗೊತ್ತಿಲ್ಲ. 2005ರ ಆಗಸ್ಟ್ ತಿಂಗಳ ಕೊನೆಯಲ್ಲಿ ಕತ್ರೀನಾ ಚಂಡಮಾರುತದ ನೀರು ನಗರವನ್ನು ಆವರಿಸಿ, ಆಸ್ಪತ್ರೆಯ ವಿದ್ಯುತ್ತು ನಿಂತು, ಜನರೇಟರುಗಳೂ ಕೈಕೊಟ್ಟು, ಲಿಫ್ಟುಗಳು ಸ್ತಬ್ಧವಾಗಿ, ಸೆಖೆಯಲ್ಲಿ ಬೆಂದುಹೋಗುತ್ತಿದ್ದ ಆ ಕಟ್ಟಡದಲ್ಲಿ ವೈದ್ಯರು ಶುಶ್ರೂಷಕಿಯರು ಕೈಯಿಂದಲೇ ಆಂಬು ಬ್ಯಾಗನ್ನು ಒತ್ತುತ್ತ ರೋಗಿಗಳನ್ನು ಮೆಟ್ಟಿಲುಗಳ ಮೇಲೆ ಹೊತ್ತು ಸಾಗಿಸಿದರು. ಯಾರನ್ನು ಮೊದಲು ಸಾಗಿಸುವುದು ಎಂಬ ಪ್ರಶ್ನೆ ಬಂದಾಗ, ಅಲ್ಲಿದ್ದ ಕೆಲವು ವೈದ್ಯರು ತತ್‍ಕ್ಷಣಕ್ಕೆ ತೋರಿದಂತೆ ರೋಗಿಗಳನ್ನು ಮೂರು ವರ್ಗ ಮಾಡಿದರು. ಹೃದಯ ನಿಂತರೆ ಮತ್ತೆ ಎಬ್ಬಿಸುವುದು ಬೇಡವೆಂದು ಎಂದೋ ಬರೆದುಕೊಟ್ಟಿದ್ದವರನ್ನು ಕಟ್ಟಕಡೆಗೆ ಇಟ್ಟರು. ಆ ಬರೆಹವನ್ನು ಸಹಿ ಮಾಡಿದವರು ಹೃದಯಸ್ತಂಭನದ ಮಾತನ್ನು ಹೇಳಿದ್ದರೇ ಹೊರತು, ನೆರೆ ಬಂದರೆ ನಮ್ಮನ್ನು ಕೊನೆಗೆ ಬಿಡಿ ಎಂದು ಹೇಳಿರಲಿಲ್ಲ. ನೀರಿಳಿದ ಮೇಲೆ ಆ ಕಟ್ಟಡದಿಂದ 45 ಶವಗಳನ್ನು ಹೊರತಂದರು. ಮರುವರ್ಷ ಒಬ್ಬ ವೈದ್ಯೆಯನ್ನೂ ಇಬ್ಬರು ಶುಶ್ರೂಷಕಿಯರನ್ನೂ, ಕೆಲವು ರೋಗಿಗಳಿಗೆ ಮಾರಕ ಪ್ರಮಾಣದ ಔಷಧ ಕೊಟ್ಟರೆಂಬ ಆಪಾದನೆಯ ಮೇಲೆ ಬಂಧಿಸಲಾಯಿತು. 2007ರಲ್ಲಿ ಮಹಾ ತೀರ್ಪುಗಾರರ ಮಂಡಳಿಯು ವೈದ್ಯೆಯ ಮೇಲೆ ದೋಷಾರೋಪ ಹೊರಿಸಲು ನಿರಾಕರಿಸಿತು, ಶುಶ್ರೂಷಕಿಯರ ಮೇಲಿನ ಮೊಕದ್ದಮೆಯೂ ಮುಂದುವರಿಯಲಿಲ್ಲ. ಅವರು ಮಾಡಿದುದು ಏನು, ಅದು ಸರಿಯೆ ತಪ್ಪೆ ಎಂದು ಸಾವಿರಾರು ಮೈಲಿಗಳಾಚೆ ಕುಳಿತು ಹೇಳುವ ಅಧಿಕಾರ ನನಗಿಲ್ಲ. ಆದರೆ ಹಗಲಿನಲ್ಲಿ, ದೀಪವಿದ್ದಾಗ, ನೀರಿಲ್ಲದಿದ್ದಾಗ ಕುಳಿತು ಬರೆಯಬಹುದಾಗಿದ್ದ ನಿಯಮವನ್ನು ಬರೆಯದೆ ಬಿಟ್ಟ ಆಡಳಿತದ ಹೊಣೆಯು, ನಿದ್ರೆಯಿಲ್ಲದೆ ನಾಲ್ಕು ದಿನ ದುಡಿದವರ ಕೈಗೆ ಬೇಡಿಯಾಗಿ ಬಂದುದನ್ನು ಮಾತ್ರ ಹೇಳಬಲ್ಲೆನು.

ಅಪಘಾತ ಸ್ಥಳದಲ್ಲಿ ಗಾಯಾಳುಗಳ ವರ್ಗೀಕರಣಕ್ಕೆ ಜಗತ್ತಿನಲ್ಲಿ ಸೂತ್ರಗಳಿಲ್ಲವೆಂದಲ್ಲ. ಟ್ರಯಾಜ್ ಎಂಬ ಹೆಸರಿನಲ್ಲಿ ನಮ್ಮ ವಿದ್ಯಾರ್ಥಿನಿಯರೆಲ್ಲ ಅದನ್ನು ಕಲಿಯುತ್ತಾರೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಸೂತ್ರದ ಪ್ರಕಾರ, ನಡೆಯಬಲ್ಲವರಿಗೆ ಹಸಿರು ಪಟ್ಟಿ, ಉಸಿರು ನಿಮಿಷಕ್ಕೆ 30ನ್ನು ಮೀರಿದವರಿಗೆ, ಮಣಿಕಟ್ಟಿನಲ್ಲಿ ನಾಡಿ ಸಿಗದವರಿಗೆ, ಹೇಳಿದ ಮಾತನ್ನು ಪಾಲಿಸಲಾರದವರಿಗೆ ಕೆಂಪು, ತಡೆದುಕೊಳ್ಳಬಲ್ಲವರಿಗೆ ಹಳದಿ, ಶ್ವಾಸಮಾರ್ಗವನ್ನು ತೆರವು ಮಾಡಿದರೂ ಉಸಿರಾಡದವರಿಗೆ ಕಪ್ಪು. ಒಬ್ಬೊಬ್ಬರಿಗೆ ಒಂದು ನಿಮಿಷಕ್ಕಿಂತಲೂ ಕಡಿಮೆ ಹೊತ್ತು. ಕಲಿಯುವಾಗ ಇದು ಸುಲಭ. ಆದರೆ ಉಸಿರು ನಿಂತ ರೋಗಿಯನ್ನು ಕಂಡೊಡನೆ ಎದೆಯ ಮೇಲೆ ಕೈಯಿಟ್ಟು ಒತ್ತತೊಡಗಬೇಕೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ ಅದೇ ಹುಡುಗಿಗೆ, ಇಂದು ಒತ್ತಬೇಡ, ಕಪ್ಪು ಪಟ್ಟಿ ಕಟ್ಟಿ ಮುಂದೆ ನಡೆ ಎಂದು ಹೇಳುವುದೆಂದರೆ, ಅವಳ ಧರ್ಮವನ್ನೇ ತಿರುವಿಹಾಕಿದಂತೆ. ನಿತ್ಯದ ದಿನ ಎದುರಿನ ಒಬ್ಬ ರೋಗಿಯೇ ಅವಳಿಗೆ ಸರ್ವಸ್ವ. ವಿಪತ್ತಿನ ದಿನ ಸಮುದಾಯವೇ ರೋಗಿ. ಮೊದಲನೆಯ ಧರ್ಮದಿಂದ ಎರಡನೆಯದಕ್ಕೆ ದಾಟುವ ಗಳಿಗೆ ಇದೇ ಎಂದು ಘೋಷಿಸತಕ್ಕವರು ಯಾರು? ಘೋಷಣೆಯಿಲ್ಲದೆ ದಾಟಿದವಳು ಕಾನೂನಿನ ಕಣ್ಣಿಗೆ ಕರ್ತವ್ಯಲೋಪ ಮಾಡಿದವಳು. ದಾಟದೆ ಒಬ್ಬನ ಬಳಿಯಲ್ಲಿಯೇ ನಿಂತವಳು ಮೂವರನ್ನು ಕಳೆದವಳು. ಈ ಘೋಷಣೆಯ ಅಧಿಕಾರ ಯಾರಿಗಿದೆ, ಅವರು ಊರಿನಲ್ಲಿಲ್ಲದಿದ್ದರೆ ಯಾರಿಗೆ, ಎಂಬುದನ್ನು ಹೆಸರು ಸಹಿತ ಬರೆದು ಕ್ಯಾಶುವಾಲಿಟಿಯ ಗೋಡೆಗೆ ಹಚ್ಚಿರುವ ಆಸ್ಪತ್ರೆಗಳು ನಮ್ಮಲ್ಲಿ ಎಷ್ಟಿವೆ ಎಂದು ತಾವೇ ಒಮ್ಮೆ ಹೋಗಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲು ಬಂದವರಿಗೆ ಮೊದಲು ಎಂದರೆ ಸಾಲದೆ, ಅದಕ್ಕಿಂತ ನಿಷ್ಪಕ್ಷಪಾತವಾದ ನಿಯಮವುಂಟೆ, ಎಂದು ಕೆಲವರು ಕೇಳಬಹುದು. ನನಗೆ ಅದು ನಿಷ್ಪಕ್ಷಪಾತವಾಗಿ ತೋರುವುದಿಲ್ಲ. ಕಾರಿದ್ದವನು ಮೊದಲು ಬರುತ್ತಾನೆ. ಪೇಟೆಯಲ್ಲಿರುವವನು ಮೊದಲು ಬರುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಸೋಲಿಗರ ಮುದುಕಿಯನ್ನು ಜೀಪು ಹುಡುಕಿ ಕರೆತರುವ ಹೊತ್ತಿಗೆ ಹಾಸಿಗೆಗಳು ತುಂಬಿರುತ್ತವೆ. ವಯಸ್ಸಿನ ಮೇಲೆ ಗೆರೆ ಎಳೆಯೋಣವೆಂದರೆ, 2020ರ ಮಾರ್ಚಿನಲ್ಲಿ ಇಟಲಿಯ ಅರಿವಳಿಕೆ ತಜ್ಞರ ಸಂಘವು ತೀವ್ರ ನಿಗಾ ಘಟಕಕ್ಕೆ ವಯೋಮಿತಿಯನ್ನು ಇಡಬೇಕಾಗಿ ಬರಬಹುದೆಂದು ಬರೆದು, ಅದರ ಮೇಲೆ ಎದ್ದ ವಾಗ್ವಾದವನ್ನು ಸ್ಮರಿಸಿಕೊಳ್ಳಬೇಕು. ಬದುಕುಳಿಯುವ ಸಂಭವವನ್ನು ನೋಡಬೇಕು, ಸಂಭವ ಸಮಾನವಾಗಿದ್ದರೆ ಚೀಟಿ ಎತ್ತುವುದೂ ಅನ್ಯಾಯವಲ್ಲ ಎಂಬುದು ನನ್ನ ಅಭಿಮತ, ತಮ್ಮದು ಬೇರೆಯಿರಬಹುದು. ಬೇರೆಯಿದ್ದರೆ ವಾದಿಸೋಣ, ಊರಿನವರನ್ನೂ ಕೂರಿಸಿಕೊಂಡು ವಾದಿಸೋಣ. ಇಷ್ಟು ಕಠಿಣವಾದ ವಾದವನ್ನು ಒಬ್ಬ ಇಪ್ಪತ್ತಮೂರು ವರ್ಷದ ಹುಡುಗಿಯು ತನ್ನೊಳಗೇ, ಪಿ.ಪಿ.ಇ. ತೊಟ್ಟು ಬೆವರುತ್ತ, ಎರಡು ಹಾಸಿಗೆಗಳ ನಡುವೆ ನಿಂತು ನಡೆಸಲೆಂದು ಬಿಡುವುದು ಮಾತ್ರ ಸಲ್ಲದು.

ಇನ್ನು ಅವಳು ಅಲ್ಲಿ ಇರಬೇಕೆ ಎಂಬುದೇ ಒಂದು ಪ್ರಶ್ನೆ. ಇರುತ್ತಾಳೆಂದು ನಾವೆಲ್ಲ ಗ್ರಹಿಸಿಕೊಂಡುಬಿಟ್ಟಿದ್ದೇವೆ. ಅವಳು ಅನೇಕ ವೇಳೆ ಆ ಗ್ರಹಿಕೆಯನ್ನು ಸುಳ್ಳು ಮಾಡಲೂ ಇಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಕಾಮಾ ಆಸ್ಪತ್ರೆಗೆ ಬಂದೂಕುಧಾರಿಗಳು ನುಗ್ಗಿದಾಗ, ಶುಶ್ರೂಷಕಿ ಅಂಜಲಿ ಕುಲ್ಥೆಯವರು ವಾರ್ಡಿನ ಭಾರಿ ಬಾಗಿಲುಗಳನ್ನು ಮುಚ್ಚಿ ಇಪ್ಪತ್ತು ಮಂದಿ ಗರ್ಭಿಣಿಯರನ್ನು ಒಂದು ಚಿಕ್ಕ ಕೋಣೆಗೆ ಸೇರಿಸಿದರು. ಗುಂಡಿನ ಸದ್ದು ಕೇಳುತ್ತಿರುವಾಗಲೇ, ನೋವು ಬಂದವಳೊಬ್ಬಳನ್ನು ಗೋಡೆಗೆ ಒತ್ತಿಕೊಂಡು ನಡೆಸುತ್ತ ಹೆರಿಗೆಯ ಕೋಣೆಗೆ ಮುಟ್ಟಿಸಿದರು. ಅದೇ ರಾತ್ರಿ ಗಾಯಗೊಂಡು ಸೆರೆಸಿಕ್ಕ, ಆ ಬಂದೂಕುಧಾರಿಗಳಲ್ಲೊಬ್ಬನಾದ ಕಸಬ್‌ನನ್ನು ಅದೇ ನಗರದ ನಾಯರ್ ಆಸ್ಪತ್ರೆಗೆ ತಂದಾಗ, ಅಲ್ಲಿಯ ಸಿಬ್ಬಂದಿ ಅವನಿಗೂ ಚಿಕಿತ್ಸೆ ಮಾಡಿದರು. ಕೊಲ್ಲಲು ಬಂದವನ ಗಾಯವನ್ನು ಕಟ್ಟುವುದು ಬಾಗಿಲು ಮುಚ್ಚಿ ನಿಲ್ಲುವುದಕ್ಕಿಂತ ಕಡಿಮೆ ಕಷ್ಟದ ಕೆಲಸವೆಂದು ನಾನು ಎಣಿಸಲಾರೆ.

2018ರ ಮೇ ತಿಂಗಳಲ್ಲಿ ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿ ಲಿನಿ ಪುದುಶ್ಶೇರಿಯವರು, ಇನ್ನೂ ಹೆಸರೇ ತಿಳಿಯದಿದ್ದ ಜ್ವರದ ರೋಗಿಯನ್ನು ನೋಡಿಕೊಂಡು, ಅದು ನಿಪಾ ಎಂದು ಜಗತ್ತಿಗೆ ತಿಳಿಯುವಷ್ಟರಲ್ಲಿ ತಾವೇ ಸೋಂಕಿಗೆ ಗುರಿಯಾಗಿ ಮೇ 21ರಂದು ತೀರಿಕೊಂಡರು. ಇಬ್ಬರು ಎಳೆಯ ಮಕ್ಕಳ ತಾಯಿ. ಅವರನ್ನು ದೇಶವೆಲ್ಲ ಕೊಂಡಾಡಿತು, ಕೊಂಡಾಡಿದುದು ಯುಕ್ತವೇ. ಆದರೆ ತ್ಯಾಗವನ್ನು ಕೊಂಡಾಡುವುದು ಸುಲಭವಾದಷ್ಟೂ ತ್ಯಾಗ ಬೇಕಾಗದಂತೆ ಮಾಡುವ ಹೊಣೆಯನ್ನು ಮರೆಯುವುದೂ ಸುಲಭವಾಗುತ್ತದೆಂದು ನನಗೆ ಭಯ. 2003ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಸಾರ್ಸ್ ಹರಡಿ, ಮೃತರಾದವರಲ್ಲಿ ಶುಶ್ರೂಷಕಿಯರೂ ಸೇರಿದಾಗ, ಅಲ್ಲಿಯ ವಿಶ್ವವಿದ್ಯಾನಿಲಯದ ನೀತಿಶಾಸ್ತ್ರ ಕೇಂದ್ರದವರು 2005ರಲ್ಲಿ ಒಂದು ವರದಿಯನ್ನು ಬರೆದು, ಆರೈಕೆಯ ಕರ್ತವ್ಯದ ಜೊತೆಗೇ ಪರಸ್ಪರತೆಯ ತತ್ತ್ವವನ್ನೂ ಇಟ್ಟರು: ಅಪಾಯವನ್ನು ಹೊರುವಂತೆ ಸಮಾಜವು ಯಾರನ್ನು ಕೇಳುತ್ತದೆಯೋ ಅವರ ರಕ್ಷಣೆಯೂ ಅವರ ಮನೆಯವರ ಯೋಗಕ್ಷೇಮವೂ ಸಮಾಜಕ್ಕೆ ಋಣವಾಗಿ ಬರುತ್ತದೆ. ನಮ್ಮಲ್ಲಿ 2020ರಲ್ಲಿ ಕೇಂದ್ರ ಸರ್ಕಾರವು ಕೋವಿಡ್‌ನಿಂದ ಮಡಿದ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಗಳ ವಿಮೆಯನ್ನು ಘೋಷಿಸಿತು. ಹಲ್ಲೆ ಮಾಡುವವರಿಗೆ ಶಿಕ್ಷೆ ಹೆಚ್ಚಿಸಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೂ ತಿದ್ದಿತು. ಒಳ್ಳೆಯ ಕ್ರಮಗಳು. ಆದರೂ ಅದೇ ದಿನಗಳಲ್ಲಿ ಮನೆ ಮಾಲೀಕರು ಸಿಸ್ಟರುಗಳಿಗೆ ಮನೆ ಬಿಡಿ ಎಂದರು, ಮೊಲೆಯುಣ್ಣುವ ಮಗುವನ್ನು ಬಿಟ್ಟು ಹದಿನಾಲ್ಕು ದಿನ ಲಾಡ್ಜಿನಲ್ಲಿರಬೇಕಾದವಳ ಮಗುವಿಗೆ ಹಾಲು ಯಾರು ಕುಡಿಸುವರೆಂದು ಯಾರೂ ಕೇಳಲಿಲ್ಲ. ಸಾವಿಗೆ ಬೆಲೆ ಕಟ್ಟಲು ತೋರಿದ ಆಸ್ಥೆಯನ್ನು ಬದುಕಿರುವವಳ ನಿತ್ಯದ ತಾಪತ್ರಯಕ್ಕೆ ತೋರದಿದ್ದುದೇ ನನ್ನ ದೂರು. ಗುತ್ತಿಗೆಯ ಮೇಲೆ ಆರು ತಿಂಗಳಿಗೆಂದು ನೇಮಿಸಿಕೊಂಡು, ಅಲೆ ಇಳಿದೊಡನೆ ಕಳಿಸಿಬಿಟ್ಟವರಿಗೆ ಮುಂದಿನ ವಿಪತ್ತಿನಲ್ಲಿ ಬನ್ನಿರೆಂದು ಯಾವ ಮುಖದಿಂದ ಕರೆಯೋಣ?

ಕಪ್ಪು ಪಟ್ಟಿಯವರ ಬಗೆಗೂ ಒಂದು ಮಾತು ಹೇಳಲೇಬೇಕಾಗಿದೆ. ಉಳಿಸಲಾರೆವೆಂದು ತೀರ್ಮಾನವಾದ ಮಾತ್ರಕ್ಕೆ ಆ ಮನುಷ್ಯನ ಹಕ್ಕೆಲ್ಲ ಅಲ್ಲಿಗೆ ಮುಗಿಯಿತೆಂದು ಭಾವಿಸತಕ್ಕದ್ದಲ್ಲ. ನೋವು ಶಮನವಾಗಬೇಕು, ಬಾಯಿ ಒದ್ದೆಯಾಗಬೇಕು, ಬಳಿಯಲ್ಲಿ ಯಾರಾದರೂ ಇರಬೇಕು, ಹೆಸರು ಯಾವ ಪುಸ್ತಕದಲ್ಲಿಯಾದರೂ ಬರೆದಿರಬೇಕು. ಮಾರ್ಫಿನ್ ಇಟ್ಟುಕೊಳ್ಳಲು ಇದ್ದ ಕಾನೂನಿನ ತೊಡಕುಗಳನ್ನು 2014ರ ತಿದ್ದುಪಡಿಯು ಬಹುಮಟ್ಟಿಗೆ ಸಡಿಲಿಸಿತು. ತಮ್ಮ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಅದು ಇದೆಯೆ ಎಂದು ಫಾರ್ಮಸಿಸ್ಟರನ್ನು ಕೇಳಿ ನೋಡಿ. ಇಲ್ಲವಾದರೆ, ಸಾಯುತ್ತಿರುವವನ ನೋವನ್ನು ಬರಿಗೈಯಲ್ಲಿ ನೋಡುತ್ತ ನಿಲ್ಲುವ ಶಿಕ್ಷೆಯನ್ನು ಆ ಸಿಸ್ಟರಿಗೆ ತಾವೇ ವಿಧಿಸಿದಂತಾಗುತ್ತದೆ. ಸರಿಯಾದುದು ಯಾವುದೆಂದು ತಿಳಿದೂ, ಅದನ್ನು ಮಾಡಲು ಸಂಸ್ಥೆ ಬಿಡದಿದ್ದಾಗ ಉಂಟಾಗುವ ಈ ನೈತಿಕ ಸಂಕಟವನ್ನು ಆಂಡ್ರ್ಯೂ ಜೇಮ್‌ಟನ್ ಎಂಬ ತತ್ತ್ವಶಾಸ್ತ್ರಜ್ಞರು 1984ರಲ್ಲಿಯೇ ಶುಶ್ರೂಷೆಯ ಬಗೆಗೆ ಬರೆಯುತ್ತ ವಿವರಿಸಿದ್ದರು. ನನ್ನ ಶಿಷ್ಯೆಯರಲ್ಲಿ ವೃತ್ತಿ ಬಿಟ್ಟವರು ದಣಿವಿನಿಂದ ಬಿಟ್ಟುದಕ್ಕಿಂತ ಹೆಚ್ಚಾಗಿ ಇದರಿಂದಲೇ ಬಿಟ್ಟರೆಂದು ನಾನು ನಂಬಿದ್ದೇನೆ.

ಇಷ್ಟು ಹೇಳಿದ ಮೇಲೆ, ತಮ್ಮಲ್ಲಿ ಕೆಲವರಿಗೆ ಅಪ್ರಿಯವಾಗಬಹುದಾದ ಮಾತನ್ನೂ ಹೇಳಬೇಕು. ವಿಪತ್ತಿನ ರಾತ್ರಿ ವಾರ್ಡಿಗೆ ಬರುವ ಶಿಫಾರಸಿನ ಫೋನುಗಳಲ್ಲಿ ಹಲವು, ಸಮಿತಿಯ ಸದಸ್ಯರಂಥ ಪ್ರಭಾವಶಾಲಿಗಳವೇ ಆಗಿರುತ್ತವೆ. 'ನಮ್ಮವರೊಬ್ಬರು ಬರುತ್ತಿದ್ದಾರೆ, ಒಂದು ಬೆಡ್ ನೋಡಮ್ಮ' ಎಂಬ ಆ ಮಾತು ಸೌಜನ್ಯದಿಂದಲೇ ಬರುತ್ತದೆ. ಕೇಳುವವಳಿಗೆ ಅದು ವರ್ಗಾವಣೆಯ ಕಾಗದದಂತೆ ಕೇಳಿಸುತ್ತದೆ. ಆದುದರಿಂದ ತಾವು ಬರೆಯುವ ನಿಯಮದ ಮೊದಲನೆಯ ಸಾಲಿನಲ್ಲಿ, ಈ ಸಮಿತಿಯ ಸದಸ್ಯರಾರೂ ತುರ್ತು ವಿಭಾಗಕ್ಕೆ ನೇರವಾಗಿ ಫೋನು ಮಾಡತಕ್ಕದ್ದಲ್ಲ ಎಂದು ತಮ್ಮ ಮೇಲೆಯೇ ನಿರ್ಬಂಧವನ್ನು ಹಾಕಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸಾಮೂಹಿಕ ಗಾಯಾಳುಗಳ ನಿರ್ವಹಣೆಯ ಬಗೆಗೆ 2007ರಲ್ಲಿಯೇ ಮಾರ್ಗಸೂಚಿಗಳನ್ನು ಹೊರತಂದಿದೆ. ಆರಂಭಿಸಲು ಅಷ್ಟು ಸಾಕು. ಆದರೆ ದೆಹಲಿಯ ಹೊತ್ತಗೆ ತಮ್ಮ ಊರಿನ ಸಿಲಿಂಡರು ಎಷ್ಟೆಂದು ಹೇಳಲಾರದು. ವಿಪತ್ತನ್ನು ಘೋಷಿಸುವವರು ಯಾರು, ರಾತ್ರಿ ಎರಡು ಗಂಟೆಗೆ ಎಬ್ಬಿಸಬೇಕಾದ ಮೂವರು ಯಾರು, ಆ ಮೂವರಲ್ಲಿ ಆಗ ಹಾಸಿಗೆಯ ಬಳಿಯಲ್ಲಿ ದುಡಿಯುತ್ತಿರುವವರಾರೂ ಇರದಂತೆ ನೋಡಿಕೊಳ್ಳುವುದು ಹೇಗೆ, ನಿಯಮದಂತೆ ನಡೆದವಳ ಪರವಾಗಿ ನಾಳೆ ಬಾಗಿಲಲ್ಲಿ ನಿಂತು ಬಂಧುಗಳಿಗೆ ಉತ್ತರ ಹೇಳುವವರು ಯಾರು: ಇವನ್ನು ಬರೆಯಲು ಒಂದು ಸಭೆ ಸಾಲದಿದ್ದರೆ ಮೂರು ಸಭೆಗಳಾಗಲಿ. ಆ ಸಭೆಗಳಿಗೆ ಶುಶ್ರೂಷಾ ಅಧೀಕ್ಷಕಿಯನ್ನಷ್ಟೇ ಕರೆದು ಸುಮ್ಮನಾಗಬೇಡಿ. ರಾತ್ರಿಪಾಳಿಯವರನ್ನು, ಗುತ್ತಿಗೆಯವರನ್ನು, ಆಯಾಗಳನ್ನು ಕರೆಯಿರಿ. ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಇಟ್ಟರೆ ರಾತ್ರಿ ದುಡಿದವರು ಬರಲಾರರು, ಬಂದರೂ ತೂಕಡಿಸುತ್ತ ಕೂರುತ್ತಾರೆ. ಬೆಳಿಗ್ಗೆ ಹ್ಯಾಂಡೋವರ್ ಮುಗಿದ ಮೇಲೆ, ಅವರ ತಿಂಡಿ ಕಾಫಿ ಆದ ಮೇಲೆ ಸೇರಿರಿ. ಆ ಹೊತ್ತನ್ನು ಹಾಜರಿ ಪುಸ್ತಕದಲ್ಲಿ ಕರ್ತವ್ಯದ ವೇಳೆಯೆಂದೇ ನಮೂದಿಸಿರಿ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾ ಅಧ್ಯಾಪಕಿ